ತಂಗಿಯ ಹಾಡು, ನನ್ನ ಲೋಟ

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ತಂಗಿ ಪಾಪ್ ಗಾಯಕಿ. ಅವಳು ಹಾಡಿದರೆ ಕ್ರೀಡಾಂಗಣವೇ ತುಂಬುತ್ತದೆ. ನಾವು ಬೆಳೆದ ಬಗೆಯನ್ನು ಏನೂ ಮುಚ್ಚಿಡದೆ ಪುಸ್ತಕವಾಗಿ ಬರೆದೆ. ಅವಳು ಬೇಡವೆಂದರೆ ಹರಿದುಹಾಕುವುದೆಂದು ನಿಶ್ಚಯಿಸಿ, ಕರಡನ್ನು ಅವಳಿಗೇ ಕೊಟ್ಟೆ.

ನನಗೆ ಅಳುಕಿದ್ದದ್ದು ಏಳನೆಯ ಅಧ್ಯಾಯದ ಬಗ್ಗೆ. ಚಿಕ್ಕಂದಿನಲ್ಲಿ ಅವಳಿಗೆ ಹಾಡಿನ ಮೊದಲ ಸ್ವರ ತಾನಾಗಿ ಸಿಗುತ್ತಿರಲಿಲ್ಲ. ನಾನು ಗಾಜಿನ ಲೋಟಕ್ಕೆ ಉಗುರುಬಣ್ಣದಿಂದ ಗೆರೆ ಎಳೆದು, ಅಲ್ಲಿಯವರೆಗೆ ನೀರು ತುಂಬಿ, ಚಮಚದಿಂದ ತಟ್ಟುತ್ತಿದ್ದೆ. ಆ ಸದ್ದು ಹಿಡಿದು ಅವಳು ಶುರುಮಾಡುತ್ತಿದ್ದಳು.

ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಓದುತ್ತಿದ್ದವಳು ಹುಬ್ಬು ಗಂಟಿಕ್ಕಿದಳು.

“ಅಕ್ಕಾ, ಇದು ಶುದ್ಧ ಸುಳ್ಳು.”

“ಯಾವುದು ಸುಳ್ಳು ಕಣೇ?”

“‘ಚಿಕ್ಕಂದಿನಲ್ಲಿ’ ಅಂತ ಬರೆದಿದ್ದೀಯಲ್ಲ!” ಚೀಲಕ್ಕೆ ಕೈಹಾಕಿ, ಟವೆಲಿನಲ್ಲಿ ಸುತ್ತಿದ್ದ ಅದೇ ಲೋಟವನ್ನು ತೆಗೆದಳು. “ಮೊನ್ನೆ ಸ್ಟೇಜ್ ಹತ್ತೋಕೆ ಮುಂಚೆನೂ ತಟ್ಟಿಕೊಂಡೆ. ಎಲ್ಲ ಅಳೆದು ತೂಗಿ ಬರೆಯೋಳು ನೀನು, ಇದನ್ನೂ ಸರಿಯಾಗಿ ಬರಿ!”

ಲೋಟದ ಗೆರೆಗೆ ಹೊಸ ಬಣ್ಣ ಬಳಿದಿದ್ದಳು; ಎತ್ತರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ನಾನು ನಗುತ್ತ ನೀರು ತುಂಬಿ, ಚಮಚ ಹುಡುಕಿದೆ.