ಮಾಮಾನ ಮ್ಯಾನಿಫೋಲ್ಡ್

ವೇಗದ ಹುಚ್ಚು ಮಾಮಾನನ್ನು ನುಂಗಿತು ಎಂದು ನಮ್ಮ ಮಂದಿ ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಸುಟ್ಟುಕೊಂಡದ್ದು ನಿಂತ ಕಾರಿನ ಮುಂದೆ. ನಿಂತ ಕಾರಿಗೆ ಎಲ್ಲಿಯ ವೇಗ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾರಿಗೂ ಸೋಲದವಳು ನಾನು. ಆದರೆ ಸೀಮೆಎಣ್ಣೆಯಲ್ಲಿ ಅದ್ದಿದ ಪಾಲಿಶ್ ಪೇಪರಿನ ವಾಸನೆ ಮೂಗಿಗೆ ಬಡಿದರೆ ಸಾಕು, ವಾದವೆಲ್ಲ ಉಡುಗಿ, ಭಾಂಡುಪಿನ ಚಾಳಿನ ಒಂದೇ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತ ಹುಡುಗಿಯಾಗಿಬಿಡುತ್ತೇನೆ.

ಮಾಮಾ ಅವ್ವನ ತಮ್ಮ, ನಮ್ಮ ಜೊತೆಗೇ ಇದ್ದ, ಗ್ಯಾರೇಜಿನಲ್ಲಿ ಕೆಲಸ. ಸಂಜೆ ಬಂದವನೇ ಮೊಣಕಾಲುಗಳ ನಡುವೆ ಮ್ಯಾನಿಫೋಲ್ಡ್ ಇಟ್ಟುಕೊಂಡು ಕೂರುತ್ತಿದ್ದ. ಗಾಳಿಯೂ ಪೆಟ್ರೋಲೂ ಕೂಡಿ ಇಂಜಿನಿಗೆ ಹೋಗುವ ಅಲ್ಯುಮಿನಿಯಂ ಕೊಳವೆಗಳ ಗೊಂಚಲು ಅದು. ಅದರ ಬಾಯಿಗಳನ್ನು ಅರದಿಂದ ಅಗಲಿಸಿ, ಒಳಗಿನ ಒರಟನ್ನು ತಿಕ್ಕಿ ತೆಗೆಯುತ್ತಿದ್ದ. ಗಾಳಿ ಸರಾಗವಾದಷ್ಟೂ ಕಾರು ಜೋರು. ಗ್ಯಾರೇಜಿನ ಸೇಠ್ ತನ್ನ ಹಳೆಯ ಕಾರನ್ನು ರೇಸಿನಲ್ಲಿ ಓಡಿಸಲು ಅವನಿಗೆ ಕೊಟ್ಟಿದ್ದ. ಹಿಂದಿನ ವರ್ಷ ಅಂಥದೇ ರೇಸಿನಲ್ಲಿ ಮಾಮಾನ ಗೆಳೆಯನೊಬ್ಬ ಸತ್ತಿದ್ದ. ಅವ್ವನ ಹೆದರಿಕೆ ನನಗೂ ಅಂಟಿತ್ತು. ಅರದ ಕರಕರ ನಿಂತಾಗಲೆಲ್ಲ, ಕೆಲಸ ಮುಗಿಯಿತು, ಇನ್ನು ಇವನು ಹೋಗುತ್ತಾನೆ ಎಂದು ತಲೆಯೆತ್ತಿ ಅವನ ಕೈ ನೋಡುತ್ತಿದ್ದೆ.

ಬೇಡ ಬೇಡವೆಂದು ಅತ್ತು ಕರೆದಿದ್ದ ಅವ್ವ ಒಂದು ದಿನ ಇದ್ದಕ್ಕಿದ್ದಂತೆ ತಾನೇ ಉಜ್ಜಲು ಕೂತಳು. ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ದೀಪ ಬೆಳಗಿದ ಕೈ ಅದು. ಬೆರಳಿಗೆ ಬಟ್ಟೆ ಸುತ್ತಿ, ಕೊಳವೆಯ ಒಳಗೆಲ್ಲ ಕನ್ನಡಿಯಾಗುವಂತೆ ತಿಕ್ಕಿದಳು. ಮಾಮಾ ನಕ್ಕ.

"ಅಕ್ಕಾ, ಸಾಕ್ ಬಿಡ. ಇದರಾಗ ಯಾರೂ ಮಾರಿ ನೋಡ್ಕೊಳ್ಳಂಗಿಲ್ಲ."

"ನೀ ಸುಮ್ನಿರು. ಮಾಡಿದ್ ಕೆಲಸ ಹೊಳೀಬೇಕು."

ರೇಸಿಗೆ ಇನ್ನೂ ಒಂದು ವಾರವಿತ್ತು. ಚಳಿಯ ಬೆಳಿಗ್ಗೆ, ಗ್ಯಾರೇಜಿನ ಅಂಗಳದಲ್ಲಿ ನಾನೂ ಅವ್ವನೂ ನೋಡುತ್ತ ನಿಂತಿದ್ದೆವು; ಮ್ಯಾನಿಫೋಲ್ಡ್ ಕೂರಿಸಿದ ಕಾರಿನೊಳಗೆ ಸೇಠ್ ಕೂತು ಸ್ಟಾರ್ಟ್ ಕೊಡುತ್ತಿದ್ದ. ಇಂಜಿನ್ ಕೆಮ್ಮಿತು, ಹತ್ತಲಿಲ್ಲ. ಮಾಮಾ ಬಾನೆಟ್ಟಿನೊಳಗೆ ಬಗ್ಗಿ, ಗ್ಯಾರೇಜಿನವರೆಲ್ಲ ಮಾಡುವಂತೆ, ಕಾರ್ಬ್ಯುರೇಟರಿನ ಬಾಯಿಗೆ ಡಬ್ಬಿಯಿಂದ ಪೆಟ್ರೋಲ್ ಹನಿಸಿದ. ಇಂಜಿನ್ ಬೆಂಕಿಯನ್ನು ಹೊರಕ್ಕೆ ಉಗುಳಿತು. ಡಬ್ಬಿ ಅವನ ಕೈಯಲ್ಲೇ ಹೊತ್ತಿಕೊಂಡಿತು. ನನ್ನ ಭುಜ ಹಿಡಿದಿದ್ದ ಅವ್ವನ ಬೆರಳುಗಳು ಉಗುರು ಇಳಿಯುವಷ್ಟು ಬಿಗಿದವು. ಪರೇಲಿನ ಆಸ್ಪತ್ರೆಯಿಂದ ಮಾಮಾ ಮರಳಲಿಲ್ಲ. ಆ ಕೋಣೆಯನ್ನೂ ನಾವು ಬಿಟ್ಟೆವು.

ಮೊನ್ನೆ ಮಾಮಾನಿಗೆ ಕೆಲಸ ಕಲಿಸಿದ ಬಸಣ್ಣ ಬೊರಿವಲಿ ಸ್ಟೇಷನ್ನಿನಲ್ಲಿ ಸಿಕ್ಕರು. ನನ್ನ ವಾದ ಮುಂದಿಟ್ಟೆ. ಖರೇ ಎಂದು ತಲೆಯಾಡಿಸಿದರು.

"ಒಳಗ ಅಷ್ಟು ನುಣುಪು ಮಾಡಬಾರದವಾ. ಪೆಟ್ರೋಲ್ ಗಾಳಿ ಜೋಡಿ ಹೋಗೂದಿಲ್ಲ, ಹನಿಯಾಗಿ ಕುಂಡರ್ತದ. ತಂಡ್ಯಾಗ ಗಾಡಿ ಸ್ಟಾರ್ಟ್ ಆಗಂಗಿಲ್ಲ. ನಿಮ್ಮ ಮಾಮಾ ಇಲ್ಲದಾಗ ಮನಿಗೆ ಬಂದು ನಿಮ್ಮವ್ವಗ ಹೇಳಿ ಹೋಗಿದ್ದೆ. ಆಗಿನ್ನೂ ಅದು ಒರಟ ಇತ್ತು."

ಗಾಡಿ ಸ್ಟಾರ್ಟ್ ಆಗದಿದ್ದರೆ ರೇಸೂ ಇಲ್ಲ. ಲೋಕಲ್ ರೈಲಿನಲ್ಲಿ ನಿಂತು ಆ ಲೆಕ್ಕ ಬಿಡಿಸಿದೆ: ಅವ್ವ ಉಜ್ಜಲು ಕೂತದ್ದು ಬಸಣ್ಣ ಬಂದುಹೋದ ಮೇಲೆ. ಮನೆಯಲ್ಲಿ ಅವ್ವ ಅಕ್ಕಿ ಆರಿಸುತ್ತಿದ್ದಳು. ಎದುರು ಕೂತೆ. ಅವಳ ಕೈ ಮೊರದ ಮೇಲೆ ನಿಲ್ಲುವವರೆಗೂ ಕಾದು ಕೇಳಿದೆ:

"ಅವ್ವಾ, ಬಸಣ್ಣ ಬಂದು ಹೇಳಿದ್ದನ್ನ ಮಾಮಾಗ ಹೇಳಿದ್ದಿ ಏನು?"