ಕೇಳದೆ ಒತ್ತಬಹುದಾದ ಗುಂಡಿ

ನನ್ನ ಸೊಸೆ ಮೊದಲಿನಿಂದಲೂ ಕೇಳಿ ಮಾಡುವವಳು. ದೀಪ ಆರಿಸಲಾ, ನೀರು ಕಾಯಿಸಲಾ ಎಂದು ಗಂಡನನ್ನು ಕೇಳುತ್ತಿದ್ದಳು, ಅವನಿಲ್ಲದಿದ್ದರೆ ನನ್ನನ್ನು. ನನ್ನ ಮಗಳು, ತನ್ನ ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇರುವವಳು, ರೇಗಿಸುತ್ತಿದ್ದಳು: "ಅತ್ತಿಗೆ, ಉಸಿರಾಡ್ಲಾ ಅಂತ ಕೇಳೋದೊಂದು ಬಾಕಿ ನೋಡು ನೀನು."

ಇಬ್ಬರೂ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಒಂದೇ ಬೆಲ್ಟಿನ ಎದುರುಬದುರು ನಿಂತು ಪೊಟ್ಟಣ ಜೋಡಿಸುತ್ತಿದ್ದರು. ಅಲ್ಲೊಮ್ಮೆ ತರಬೇತಿ ಆಯಿತು. ಕಲಿಸಲು ಬಂದವರು ಬೆಲ್ಟಿನ ಪಕ್ಕದ ಕೆಂಪು ಗುಂಡಿ ತೋರಿಸಿ, ತೊಂದರೆ ಕಂಡವರು ಯಾರನ್ನೂ ಕೇಳದೆ ಇದನ್ನು ಒತ್ತಿ ಬೆಲ್ಟು ನಿಲ್ಲಿಸಬಹುದು ಎಂದರಂತೆ. ಅದುವರೆಗೆ ಹೆಂಗಸರು ಕೈ ಎತ್ತಿ ನಿಲ್ಲುವುದು, ಗಂಡಸೊಬ್ಬ ಬಂದು ಒತ್ತುವುದು, ಹಾಗೆ ನಡೆದು ಬಂದಿತ್ತು. ಆ ಸಂಜೆ ಸೊಸೆ ಯಾರನ್ನೂ ಕೇಳದೆ ಕಿಟಕಿ ತೆರೆದಳು. ನಾನು ನೋಡಿಯೂ ನೋಡದ ಹಾಗೆ ಕೂತೆ.

ಆಮೇಲೊಂದು ದಿನ ಬೆಲ್ಟಿನಲ್ಲಿ ಪೊಟ್ಟಣ ಸಿಕ್ಕಿಕೊಂಡಿತು. ಸೊಸೆ ಗುಂಡಿ ಒತ್ತಿದಳು. ಸೂಪರ್‌ವೈಸರ್ ಓಡಿ ಬಂದ.

"ಯಾರನ್ನ ಕೇಳಿ ಒತ್ತಿದೆ?"

"ಟ್ರೇನಿಂಗಲ್ಲಿ ಹೇಳಿದ್ರು ಸಾರ್..."

"ಟ್ರೇನಿಂಗ್ ಕಟ್ಕೊಂಡು ಮನೇಲಿ ಇಟ್ಕೋ. ಇಲ್ಲಿ ನನ್ನ ಕೇಳು."

ಮರುವಾರ ಅಂಥದ್ದಕ್ಕೇ ಪಕ್ಕದ ಬೆಲ್ಟಿನ ಗಂಡಸು ಒತ್ತಿದಾಗ ಅದೇ ಸೂಪರ್‌ವೈಸರ್ ಅವನ ಬೆನ್ನು ತಟ್ಟಿದ. ಇದನ್ನು ನನಗೆ ಹೇಳುವಾಗ ಸೊಸೆ ಅಳಲಿಲ್ಲ. "ಬಿಡಿ ಅತ್ತೆ, ಅವರಿಗೆ ಗೊತ್ತಿರುತ್ತೆ" ಎಂದಳು. ಕಿಟಕಿಯನ್ನು ಮತ್ತೆ ಕೇಳಿಯೇ ತೆರೆಯತೊಡಗಿದಳು.

ಮಗಳ ಅಂಗಿಯ ತೋಳು ಬೆಲ್ಟಿನ ಉರುಳೆಗೆ ಸಿಕ್ಕಿದ್ದು ಅದಾದ ಮೇಲೆ. ಸೊಸೆಯ ಕೈ ಗುಂಡಿಯ ತನಕ ಹೋಯಿತಂತೆ. ಅಲ್ಲೇ ನಿಂತಿತಂತೆ.

"ಸಾರ್, ಒತ್ಲಾ?"

ಅವನು ತಿರುಗಿ ನೋಡುವಷ್ಟರಲ್ಲಿ ಮಗಳ ಎರಡು ಬೆರಳು ಹೋಗಿದ್ದವು.

ಮತ್ತೆ ತರಬೇತಿ ಇಟ್ಟರು. ಹಳೆಯ ಮಾತುಗಳೇ. ಸೂಪರ್‌ವೈಸರ್ ಮುಂದಿನ ಸಾಲಿನಲ್ಲಿ ಕೂತು ಎಲ್ಲದಕ್ಕೂ ಹೂಂಗುಟ್ಟಿದನಂತೆ.

ಮಗಳು ಆಸ್ಪತ್ರೆಯಿಂದ ಬಂದವಳು ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅತ್ತಿಗೆಯನ್ನು ಒಂದು ಮಾತೂ ಬೈದಿರಲಿಲ್ಲ. ಕೂದಲು ಸಿಕ್ಕುಗಟ್ಟಿತ್ತು. ಸೊಸೆ ಬಾಚಣಿಗೆ ಹಿಡಿದು ಅವಳ ಹಿಂದೆ ಬಂದು ನಿಂತಳು.

"ಜಡೆ ಹಾಕ್ಲಾ?"

"ಕೇಳ್ಬೇಡ ಅತ್ತಿಗೆ. ಹಾಕು."

ಸೊಸೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸುವ ತನಕ ಬಾಚಣಿಗೆ ಕೂದಲಿಗೆ ತಾಗಲಿಲ್ಲ.