ತಿದಿ ಅಂದರೆ ತೊಗಲು

ಸುಗರಾಬಿಯ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗಂಡ ಲಾಡಲೇಸಾಬನ ಜೊತೆ ವಿಜಾಪುರದಿಂದ ಬಸ್ಸು ಹತ್ತಿ ಇವತ್ತು ಸಾರವಾಡ, ನಾಳೆ ಬಬಲೇಶ್ವರ, ಗುರುವಾರ ನಮ್ಮ ತಿಕೋಟಾ. ನಮ್ಮ ಮನೆ ಮುಂದಿನ ಬೇವಿನ ಬುಡದಲ್ಲಿ ಕುಣಿ ತೋಡಿ ಇದ್ದಿಲು ಹಾಕಿದರೆಂದರೆ ಓಣಿಯ ಹಿತ್ತಾಳೆ ಪಾತ್ರೆಯೆಲ್ಲ ಅಲ್ಲಿಗೇ. ಅವನು ಕಲಾಯಿ ಹಾಕುವನು, ಇವಳು ತಿದಿ ಒತ್ತಿ ಬೆಂಕಿಗೆ ಗಾಳಿ ಕೊಡುವಳು. ಒತ್ತುತ್ತಲೇ ಊರೂರ ಸುದ್ದಿ ಹೇಳುವಳು.

"ಅದಕ್ಕ ತಿದಿ ಅಂತ ಯಾಕ ಅಂತಾರ?" ಎಂದು ಒಮ್ಮೆ ಕೇಳಿದೆ.

"ತಿದಿ ಅಂದ್ರ ತೊಗಲ್ರೀ ಅವ್ವಾರ. ಆಡಿನ ತೊಗಲು ಇಡಿಯಾಗಿ ಸುಲಿದು ಚೀಲಾ ಮಾಡತಿದ್ರು. ನೀರು ತುಂಬಿದ್ರೂ ತಿದಿ, ಗಾಳಿ ತುಂಬಿದ್ರೂ ತಿದಿ. ಹೆಸರು ತೊಗಲಿಂದು, ಗಾಳಿ ಆಮ್ಯಾಲಿಂದು. ನಮ್ಮ ಅತ್ತಿ ಹೇಳತಿದ್ಲು."

"ಹಂಗಾದ್ರ ನಮ್ಮ ಮನಿ ಮುಂದಿನ ಕಟ್ಟಿಗೆ ತಾಗಸಬ್ಯಾಡವಾ," ಅಂದೆ. ನಮ್ಮದು ಪೂಜೆ-ಪುನಸ್ಕಾರದ ಮನೆ, ಸತ್ತ ತೊಗಲು ಹೊಸ್ತಿಲ ಹತ್ತಿರ ಬರಕೂಡದು. ಅವಳು ನಕ್ಕು ಒಂದು ಮಾರು ಆಚೆ ಎಳೆದುಕೊಂಡಳು.

ಎಪ್ಪತ್ತಾರರ ಬೇಸಿಗೆಯಲ್ಲಿ ಲಾಡಲೇಸಾಬ ಒಬ್ಬನೇ ಬಂದ. ಜೊತೆಗೆ ಹಿಡಿಕೆ ತಿರುವುವ ಕಬ್ಬಿಣದ ಯಂತ್ರ, ಒಮ್ಮೆ ಜೋರಾಗಿ ತಿರುವಿ ಬಿಟ್ಟರೆ ತುಸು ಹೊತ್ತು ತಾನೇ ಗಾಳಿ ಊದುತ್ತಿತ್ತು. ಅಂಗಡಿಯವನು ಬ್ಲೋವರ್ ಅಂದನಂತೆ, ಇವನು ಅದಕ್ಕೂ ತಿದಿ ಅಂದ.

"ಸುಗರಾ ಎಲ್ಲಿ?"

"ಮನ್ಯಾಗ ಇರ್ಲಿ ಬಿಡ್ರಿ ಗೌರಾಬಾಯಾರ. ಇನ್ನ ಆಕಿ ಯಾಕ ಬೇಕು?"

"ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ ಯಾಕ, ಅಲ್ಲೇನಪಾ?" ಎಂದು ಕೇಳೇಬಿಟ್ಟೆ. ವಿಜಾಪುರದ ಅಥಣಿ ರಸ್ತೆಯ ಅವರ ಒಂಟಿ ಕೋಣೆಯಲ್ಲಿ ಅವಳು ಒಲೆಗೂ ಬಾಗಿಲಿಗೂ ಅಡ್ಡಾಡುತ್ತಿರುವುದು ಕಣ್ಣಿಗೆ ಕಟ್ಟಿತು. ತಿರುಗಾಟ ತಪ್ಪಿದರೆ ಅವಳು ಬದುಕುವವಳಲ್ಲ. ಆವತ್ತಿಡೀ ನಾನೂ ಒಳಗೆ ಹೊರಗೆ ಮಾಡಿದೆ, ಒಲೆ ಮೇಲಿನ ಹಾಲು ಉಕ್ಕಿಸಿದೆ.

ಮರುವಾರ ಅವನು ಯಂತ್ರ ತಿರುವುತ್ತ ಕೂತಿದ್ದಾಗ ಬಸ್ ಸ್ಟ್ಯಾಂಡಿನ ಕಡೆಯಿಂದ ಸುಗರಾಬಿ ಬಂದಳು, ಹೆಗಲ ಮೇಲೆ ಹಳೆಯ ತಿದಿ. ಗಂಡನತ್ತ ನೋಡದೆ ಬೇವಿನ ಇನ್ನೊಂದು ಬದಿಗೆ ಕುಣಿ ತೋಡಿದಳು, ಬೆಂಕಿ ಹೊತ್ತಿಸಿ "ಕಲಾಯೀ!" ಎಂದು ಕೂಗಿದಳು. ನಾನು ಓಡಿಹೋಗಿ ನನ್ನ ತಪೇಲಿ ಕೊಟ್ಟೆ.

ಆದರೆ ಒಂದು ಕೈಯಲ್ಲಿ ಪಾತ್ರೆ ಹಿಡಿದು ಇನ್ನೊಂದರಲ್ಲಿ ತವರ ಉಜ್ಜುವವಳು ತಿದಿ ಒತ್ತುವುದು ಹೇಗೆ? ಬೆಂಕಿ ಮಂಕಾಯಿತು. ಗಂಡನ ಕಡೆ ನೋಡಿದಳು. ಪುಣ್ಯಾತ್ಮ ಕುಂಡಿ ಎತ್ತಲಿಲ್ಲ.

"ಸಾಕು ಮಾಡು, ಮನಿಗಿ ನಡಿ," ಅಂದ.

ನಾನು ಸೆರಗು ಸಿಕ್ಕಿಸಿಕೊಂಡು ಕಟ್ಟೆ ಇಳಿದೆ.

"ಅವ್ವಾರ, ಮುಟ್ಟಬ್ಯಾಡ್ರಿ, ತೊಗಲೈತಿ!"

"ಗೊತ್ತೈತಿ ಬೇ. ನೀನ ಹೇಳಿದ್ಯಲ್ಲ. ಎಲ್ಲಿ ಹಿಡೀಲಿ, ತೋರಸು."

ಅವಳ ಕೈಯಾಡಿ ಆಡಿ ತೊಗಲು ನುಣ್ಣಗಾಗಿತ್ತು. ಒತ್ತಿದೆ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಕೆಂಡ ಕೆಂಪಾಯಿತು. ತಪೇಲಿ ಬೆಳ್ಳಗಾಗುವ ಹೊತ್ತಿಗೆ ಲಾಡಲೇಸಾಬ ಯಂತ್ರ ಬಿಟ್ಟು ಎದ್ದು ಬಂದ.

"ಬಿಡ್ರಿ ಅವ್ವಾರ, ನಾ ಒತ್ತತೇನಿ."

"ನನ್ನ ಕೇಳಬ್ಯಾಡ, ಆಕೀನ ಕೇಳು."

ಸುಗರಾಬಿ ತಪೇಲಿಯಿಂದ ತಲೆ ಎತ್ತಲಿಲ್ಲ.

"ನಾಳಿ ನಾ ಬಬಲೇಶ್ವರಕ್ಕ ಹೊಂಟೇನಿ," ಅಂದಳು ಗಂಡನಿಗೆ. "ಬರೋದಿದ್ರ ಬರ್ರಿ."